ಗಂಟೆ, ಉಂಗುರ ಮತ್ತು ಸೋದರಮಾವ

ಮುಂಜಿಯಲ್ಲಿ ಚರ್ಮ ಕತ್ತರಿಸುವುದು ಕಷ್ಟದ ಕೆಲಸವೇ ಅಲ್ಲ; ತೊಡಕಿರುವುದು ಬೇರೆಡೆ. ಮುಂದೊಗಲಿನ ತುಂಬ ರಕ್ತನಾಳಗಳು. ಕತ್ತರಿಸಿದ ಮೇಲೆ ರಕ್ತ ನಿಲ್ಲಬೇಕು. ಮುಂದೊಗಲಿನೊಳಗೇ ಶಿಶ್ನದ ತುದಿ ಅಡಗಿದೆ. ಬ್ಲೇಡು ಅದಕ್ಕೆ ತಾಗಬಾರದು. ಕಳೆದ ಸುಮಾರು ತೊಂಬತ್ತು ವರ್ಷಗಳಲ್ಲಿ ಬಂದ ಸಾಧನಗಳೆಲ್ಲ ಈ ಎರಡು ತೊಡಕುಗಳನ್ನು ಬಿಡಿಸಲು ಹುಟ್ಟಿದವು.

ಮಕ್ಕಳಿಗೆ ಬಳಸುವ ಗೊಮ್ಕೊ ಕ್ಲ್ಯಾಂಪ್ 1935ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ರೂಪುಗೊಂಡಿತು. ಪುಟ್ಟ ಲೋಹದ ಗಂಟೆಯೊಂದನ್ನು ಶಿಶ್ನದ ತುದಿಗೆ ಟೋಪಿಯಂತೆ ತೊಡಿಸುತ್ತಾರೆ. ಮುಂದೊಗಲನ್ನು ಗಂಟೆಯ ಮೇಲೆ ಎಳೆದು, ತೂತಿರುವ ತಟ್ಟೆಯ ಮೂಲಕ ಹಾಯಿಸಿ ತಿರುಪು ಬಿಗಿಯುತ್ತಾರೆ. ಗಂಟೆಯ ಅಂಚಿಗೂ ತೂತಿನ ಅಂಚಿಗೂ ನಡುವೆ ಚರ್ಮ ಸಿಕ್ಕಿ ಜಜ್ಜಿ, ಐದು ನಿಮಿಷದಲ್ಲಿ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಕತ್ತರಿಸಿದರೆ ಬ್ಲೇಡಿಗೆ ಎದುರಾಗುವುದು ಲೋಹ.

ಈ ಜಾಣ್ಮೆ ಕೂದಲೆಳೆಯಷ್ಟು ಅಳತೆಯ ಮೇಲೆ ನಿಂತಿದೆ. ತೊಳೆದು ಕುದಿಸಲು ಬಿಚ್ಚಿದ ಬಿಡಿಭಾಗಗಳು ಟ್ರೇಯಲ್ಲಿ ಬೆರೆತು, ಒಂದು ಕಂಪನಿಯ ಗಂಟೆಗೆ ಇನ್ನೊಂದು ಕಂಪನಿಯ ತಟ್ಟೆ ಕೂತರೆ ಹಿಡಿತ ಸಡಿಲ. ಚರ್ಮ ಜಾರಿ ರಕ್ತ ಚಿಮ್ಮುತ್ತದೆ. ಇಂಥ ಗಾಯಗಳ ವರದಿ ಬಂದ ಮೇಲೆ 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಲೋಹದ ಕ್ಲ್ಯಾಂಪ್ ಇರುವಾಗ ರಕ್ತ ನಿಲ್ಲಿಸಲು ವಿದ್ಯುತ್ ಸೂಜಿಯನ್ನಂತೂ ಮುಟ್ಟಿಸಲೇಬಾರದು. ವಿದ್ಯುತ್ತು ಲೋಹದಲ್ಲಿ ಹರಿದು ಇಡೀ ಅಂಗವನ್ನೇ ಸುಡಬಲ್ಲದು.

ಪ್ಲಾಸ್ಟಿಬೆಲ್ ಎಂಬ ಇನ್ನೊಂದು ಸಾಧನದಲ್ಲಿ ಲೋಹವಿಲ್ಲ. ಪ್ಲಾಸ್ಟಿಕ್ ಉಂಗುರದ ಮೇಲೆ ದಾರ ಬಿಗಿದು ಚರ್ಮ ಕತ್ತರಿಸುತ್ತಾರೆ. ಸುಮಾರು ಒಂದು ವಾರದಲ್ಲಿ ಉಂಗುರ ತಾನೇ ಕಳಚುತ್ತದೆ. ಬಳೆಗಾರ ಕೈ ನೋಡಿ ಬಳೆ ಆರಿಸುವಂತೆ ಇಲ್ಲಿಯೂ ಅಳತೆ ನೋಡಿಯೇ ಆರಿಸಬೇಕು. ದೊಡ್ಡದಾದರೆ ಉಂಗುರ ಹಿಂದಕ್ಕೆ ಜಾರಿ ಶಿಶ್ನದ ನಡುಭಾಗವನ್ನೇ ಬಿಗಿಯುತ್ತದೆ.

ದೊಡ್ಡವರ ಕಥೆಗೆ ತಿರುವು ಕೊಟ್ಟದ್ದು ಎಚ್‌ಐವಿ. ದಕ್ಷಿಣ ಆಫ್ರಿಕದ ಆರೆಂಜ್ ಫಾರ್ಮ್, ಕೆನ್ಯದ ಕಿಸುಮು, ಉಗಾಂಡದ ರಕಾಯಿ, ಈ ಮೂರೂ ಕಡೆಯ ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಸಾಧ್ಯತೆ ಮುಂಜಿಯಿಂದ ಸುಮಾರು ಶೇ. 50ರಿಂದ 60ರಷ್ಟು ತಗ್ಗಿತ್ತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದಾಗ ಲಕ್ಷಾಂತರ ಯುವಕರು ಕಾದಿದ್ದರು, ಶಸ್ತ್ರವೈದ್ಯರು ಬೆರಳೆಣಿಕೆಯಷ್ಟಿದ್ದರು. ಹೊಲಿಗೆ ಬೇಡದ ಸಾಧನ ಬೇಕಾಯಿತು.

2013ರಲ್ಲಿ ಸಂಸ್ಥೆಯ ಒಪ್ಪಿಗೆ ಪಡೆದ ಪ್ರೀಪೆಕ್ಸ್‌ಗೆ ಅರಿವಳಿಕೆಯ ಚುಚ್ಚುಮದ್ದೂ ಬೇಡವಾಗಿತ್ತು. ರಬ್ಬರ್ ಪಟ್ಟಿ ಬಿಗಿದರೆ ಮುಂದೊಗಲು ವಾರವಿಡೀ ಒಣಗಿ ಸಾಯುತ್ತಿತ್ತು, ಆಮೇಲೆ ಕತ್ತರಿಸುತ್ತಿದ್ದರು. ಆ ವಾರವೇ ಮುಳುವಾಯಿತು. ಧನುರ್ವಾಯುವಿನ ಬ್ಯಾಕ್ಟೀರಿಯಾಕ್ಕೆ ಗಾಳಿಯಾಡದ ಸತ್ತ ಮಾಂಸಕ್ಕಿಂತ ಒಳ್ಳೆಯ ಮನೆ ಇಲ್ಲ. ಹೆಂಗಸರಿಗೆ ಬಸುರಿನಲ್ಲಿ ಧನುರ್ವಾಯುವಿನ ಲಸಿಕೆ ಸಿಗುತ್ತದೆ. ಗಂಡಸರಿಗೆ ಎಳವೆಯಲ್ಲಿ ಹಾಕಿಸಿದ್ದೇ ಕೊನೆ. ಕೆಲವರಿಗೆ ಧನುರ್ವಾಯು ತಗಲಿ, ಸಾವುಗಳೂ ಆದವು. ಮೊದಲು ಲಸಿಕೆ, ಆಮೇಲೆ ಪಟ್ಟಿ ಎಂಬ ನಿಯಮ ಬಂದದ್ದು ಆ ನಂತರ. ಚೀನಾದ ಶಾಂಗ್ ರಿಂಗ್‌ನಲ್ಲಿ ಎರಡು ಉಂಗುರಗಳ ನಡುವೆ ಚರ್ಮ ಹಿಡಿದು, ಹೆಚ್ಚಿನದನ್ನು ಅಂದೇ ಕತ್ತರಿಸಿಬಿಡುತ್ತಾರೆ. ಕೊಳೆಯಲು ಉಳಿಯುವುದು ತೆಳು ಅಂಚಷ್ಟೇ. ನನಗೆ ಇದೇ ಮೇಲೆನಿಸುತ್ತದೆ.

ಯಾವ ಸಾಧನವೂ ಪತ್ತೆ ಹಚ್ಚಲಾರದ ಅಪಾಯಗಳೂ ಇವೆ. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಿರುವ ಮಗುವಿಗೆ ಮುಂಜಿ ಮಾಡಲೇಬಾರದು; ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕು. ಇದು ಕಣ್ಣಿಗೆ ಕಾಣುತ್ತದೆ. ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ ಕಾಣುವುದಿಲ್ಲ. ಯೆಹೂದಿಗಳ ಟಾಲ್ಮುಡ್ ಗ್ರಂಥದಲ್ಲಿ ಸೆಫೋರಿಸ್ ಊರಿನ ನಾಲ್ವರು ಅಕ್ಕತಂಗಿಯರ ಪ್ರಸಂಗವಿದೆ. ಮೂವರ ಗಂಡುಮಕ್ಕಳು ಮುಂಜಿಯಿಂದ ಸತ್ತಿದ್ದರು. ನಾಲ್ಕನೆಯವಳ ಮಗುವಿಗೆ ಮಾಡಬೇಡಿ ಎಂದರು ರಬ್ಬಿ, ಅಂದರೆ ಅವರ ಧರ್ಮಗುರು. ರೋಗಕ್ಕೆ ಹೆಸರೇ ಇಲ್ಲದ ಕಾಲದಲ್ಲಿ ಅದು ತಾಯಿಯ ಕಡೆಯಿಂದ ಹರಿಯುವುದನ್ನು ಅವರು ಗಮನಿಸಿದ್ದರು. ಇಂದಿಗೂ ಎಚ್ಚರದ ವೈದ್ಯರು ಕ್ಲ್ಯಾಂಪ್ ಕೈಗೆತ್ತಿಕೊಳ್ಳುವ ಮೊದಲು ತಾಯಿಯನ್ನು ಕೇಳುತ್ತಾರೆ: ‘ಮಗುವಿನ ಸೋದರಮಾವಂದಿರಿಗೆ ಗಾಯವಾದಾಗ ರಕ್ತ ಬೇಗ ನಿಲ್ಲುತ್ತಿತ್ತೇನಮ್ಮಾ?’