ಆಟದ ಖಾತೆ, ಮನೆಯ ಗುಟ್ಟು

ಮಕ್ಕಳಾಟವೆಂದು ನಾವು ಲಘುವಾಗಿ ಕಾಣುವ ಒಂದು ವಸ್ತುವಿನೊಳಗೆ ಮನೆಯವರ ಹೆಸರು, ವಿಳಾಸ, ಹುಟ್ಟಿದ ದಿನ, ಬ್ಯಾಂಕಿನ ಕಾರ್ಡಿನ ಸಂಖ್ಯೆ ಇವೆಲ್ಲವೂ ಅಡಗಿರಬಹುದೆಂಬುದು ಲೋಕಕ್ಕೆ ಚೆನ್ನಾಗಿ ಮನದಟ್ಟಾದುದು 2011ರ ಏಪ್ರಿಲ್ ತಿಂಗಳಿನಲ್ಲಿ. ಜಪಾನಿನ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಎಂಬ ಆಟದ ಯಂತ್ರವನ್ನು ವಾಚಕರಲ್ಲಿ ಹಲವರು ಬಲ್ಲರು. ಬಲ್ಲದವರು ತಮ್ಮ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕೇಳಿದರೆ ಸಾಕು. ಈ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿದರೆ ದೂರದೇಶದ ಆಟಗಾರರೊಡನೆ ಆಡಬಹುದು, ಹೊಸ ಆಟಗಳನ್ನು ಕೊಳ್ಳಲೂಬಹುದು. ಅದಕ್ಕೆ ಒಂದು ಖಾತೆ ಬೇಕು. ಆಡುವವನು ಹುಡುಗ, ಕಾರ್ಡು ತಂದೆಯದು, ವಿಳಾಸ ಇಡೀ ಕುಟುಂಬದ್ದು.

ಆ ವರ್ಷದ ಏಪ್ರಿಲ್ 17ರಿಂದ 19ರ ನಡುವೆ ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿದ್ದ ಈ ಸೇವೆಯ ಗಣಕಯಂತ್ರಗಳೊಳಗೆ ಅಪರಿಚಿತರು ನುಸುಳಿದರು. ಕೆಲವು ಯಂತ್ರಗಳು ಯಾರೂ ಹೇಳದೆಯೇ ನಿಂತು ಮತ್ತೆ ಚಾಲೂ ಆದುದನ್ನು ಕಂಡು ಸಿಬ್ಬಂದಿಗೆ ಸಂಶಯ ಹುಟ್ಟಿತು. 20ರಂದು ಸಂಸ್ಥೆ ಇಡೀ ಸೇವೆಯನ್ನೇ ಮುಚ್ಚಿತು. ಆದರೆ ಖಾತೆದಾರರ ವಿವರಗಳು ಕಳ್ಳರ ಕೈಸೇರಿವೆ ಎಂಬ ಸಂಗತಿಯನ್ನು ಬಹಿರಂಗಪಡಿಸಿದ್ದು 26ರಂದು. ಒಟ್ಟು 7 ಕೋಟಿ 70 ಲಕ್ಷ ಖಾತೆಗಳು! ಮೇ 1ರಂದು ಟೋಕಿಯೋದಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿ ಕಜುವೊ ಹಿರಾಯಿಯವರು ಪತ್ರಕರ್ತರ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಬೇಡಿದರು. ಅದರ ಬೆನ್ನಿಗೇ ಅದೇ ಬಳಗದ ಮತ್ತೊಂದು ಆಟದ ಸೇವೆಯಿಂದಲೂ 2 ಕೋಟಿ 46 ಲಕ್ಷ ಖಾತೆಗಳ ವಿವರ ಹೋಗಿರಬಹುದೆಂಬ ಸುದ್ದಿ ಹೊರಬಿತ್ತು. ಅದರಲ್ಲಿ 2007ರ ಒಂದು ಹಳೆಯ ಕಡತವಿತ್ತು. ಅಮೆರಿಕದ ಹೊರಗಿನ ಸುಮಾರು 12,700 ಕಾರ್ಡುಗಳ ಸಂಖ್ಯೆಗಳು ಅದರಲ್ಲಿದ್ದವು. ನಾಲ್ಕು ವರ್ಷಗಳ ಹಿಂದಿನ ಆ ಪಟ್ಟಿ ಉಗ್ರಾಣದ ಮೂಲೆಯ ಗೋಣಿಚೀಲದಂತೆ ಅಲ್ಲಿಯೇ ಉಳಿದುಬಿಟ್ಟಿತ್ತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯು ಈ ಪ್ರಕರಣಕ್ಕಾಗಿ 2013ರ ಜನವರಿಯಲ್ಲಿ ಸಂಸ್ಥೆಗೆ 2,50,000 ಪೌಂಡುಗಳ ದಂಡ ವಿಧಿಸಿತು. ದಂಡವೇನೋ ಸರಕಾರದ ಬೊಕ್ಕಸಕ್ಕೆ ಹೋಯಿತು. ಹೋದ ಹುಟ್ಟುಹಬ್ಬದ ದಿನಾಂಕಗಳು ಮಾತ್ರ ಯಾರಿಗೂ ಹಿಂದಿರುಗಲಿಲ್ಲ.

ಈ ಕೊನೆಯ ಮಾತನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕಳವಾದ ವಿವರಗಳಲ್ಲಿ ಎರಡು ಬಗೆ. ಪಾಸ್‌ವರ್ಡ್, ಕಾರ್ಡಿನ ಸಂಖ್ಯೆ ಇವು ಮೊದಲನೆಯ ಬಗೆ. ಬೀಗ ಬದಲಿಸಿದಂತೆ ಇವನ್ನು ಬದಲಿಸಿಬಿಡಬಹುದು. ಹೆಸರು, ಜನ್ಮದಿನ, ಮನೆಯ ವಿಳಾಸ, 'ನೀವು ಹುಟ್ಟಿದ ಊರು ಯಾವುದು' ಎಂಬಂಥ ಗುಪ್ತ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಇವು ಎರಡನೆಯ ಬಗೆ. ಇವುಗಳಲ್ಲಿ ಹೆಚ್ಚಿನವನ್ನು ಬದಲಿಸುವುದು ಯಾರಿಂದಲೂ ಆಗದು. ನಮ್ಮ ಜನ ಮೊದಲನೆಯ ಬಗೆಗೆ ಮಾತ್ರ ಗಾಬರಿಗೊಂಡು, ಕಾರ್ಡು ರದ್ದುಮಾಡಿಸಿ ನೆಮ್ಮದಿಯಿಂದ ಮಲಗುವರು. ನಿಜವಾದ ಅಪಾಯ ಎರಡನೆಯದರಲ್ಲಿದೆ, ಅದು ಬಹುಕಾಲ ಬಾಳುತ್ತದೆ.

ಆದರೂ ಮೊದಲು ಮಾಡತಕ್ಕದ್ದನ್ನು ಮೊದಲು ಹೇಳಬೇಕು. ಪಾಸ್‌ವರ್ಡುಗಳನ್ನು ಇದ್ದಂತೆಯೇ ಬರೆದಿಟ್ಟಿರಲಿಲ್ಲ, 'ಹ್ಯಾಶ್' ಎಂಬ ಕ್ರಮದಿಂದ ಮಾರ್ಪಡಿಸಿ ಇಡಲಾಗಿತ್ತು ಎಂದು ಸೋನಿ ಆಗ ತಿಳಿಸಿತು. ರಾಗಿಯನ್ನು ಬೀಸಿದ ಮೇಲೆ ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದಷ್ಟೆ, ಇದೂ ಹಾಗೆಯೇ. ಆದರೆ ಒಂದೇ ಪದವನ್ನು ಒಂದೇ ರೀತಿ ಬೀಸಿದರೆ ಯಾವಾಗಲೂ ಒಂದೇ ಹಿಟ್ಟು ಬರುತ್ತದೆ. ಆದ್ದರಿಂದ ಕಳ್ಳನು ಹಿಟ್ಟನ್ನು ಕಾಳು ಮಾಡುವ ಗೋಜಿಗೆ ಹೋಗುವುದಿಲ್ಲ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡುಗಳನ್ನೆಲ್ಲ ತಾನೇ ಬೀಸಿ, ಕದ್ದ ಹಿಟ್ಟಿನೊಡನೆ ಹೋಲಿಸುತ್ತಾನೆ. ಹೊಂದಿಕೆಯಾದರೆ ಕೆಲಸ ಮುಗಿಯಿತು. ಗಣಕಯಂತ್ರಕ್ಕೆ ಇದು ಆಯಾಸದ ಕೆಲಸವಲ್ಲ. ಮನೆದೇವರ ಹೆಸರಿನ ಮುಂದೆ ಹುಟ್ಟಿದ ವರ್ಷವನ್ನು ಸೇರಿಸಿ ಪಾಸ್‌ವರ್ಡ್ ಮಾಡಿಕೊಳ್ಳುವ ಪರಿಪಾಠ ನಮ್ಮಲ್ಲಿ ಬಹಳವಾಗಿದೆ. ದೇವರು ಕಾಪಾಡುವನೆಂಬ ನಂಬಿಕೆ ಒಳ್ಳೆಯದೇ, ಆದರೆ ಈ ಕೆಲಸವನ್ನು ಅವನಿಗೆ ವಹಿಸದಿರುವುದು ಲೇಸು.

ಇನ್ನು ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವುದರ ಫಲವೇನೆಂಬುದಕ್ಕೆ ಅದೇ ವರ್ಷವೇ ಸಾಕ್ಷಿ ದೊರೆಯಿತು. 2011ರ ಅಕ್ಟೋಬರಿನಲ್ಲಿ ಯಾರೋ ಬೇರೆ ಕಡೆಗಳಿಂದ ಸಂಪಾದಿಸಿದ ಹೆಸರು ಹಾಗೂ ಪಾಸ್‌ವರ್ಡುಗಳ ದೊಡ್ಡ ಪಟ್ಟಿಯೊಂದನ್ನು ಹಿಡಿದು ಸೋನಿಯ ಬಾಗಿಲಲ್ಲಿ ಒಂದೊಂದನ್ನಾಗಿ ಪ್ರಯತ್ನಿಸಿದರು. ಬಹುಪಾಲು ವ್ಯರ್ಥವಾದವು. ಆದರೂ ಸುಮಾರು 93,000 ಖಾತೆಗಳ ಬೀಗ ತೆರೆಯಿತು. ಅಲ್ಲಿ ಬಾಗಿಲು ಮುರಿಯಲಿಲ್ಲ, ಗೋಡೆಗೆ ಕನ್ನ ಹಾಕಲಿಲ್ಲ. ಬೇರೆಲ್ಲೋ ಕಳೆದುಹೋದ ಬೀಗದಕೈ ಇಲ್ಲಿಗೂ ಒಪ್ಪಿತು, ಅಷ್ಟೇ. ಸಂಸ್ಥೆ ಕೂಡಲೇ ಆ ಖಾತೆಗಳನ್ನು ತಡೆಹಿಡಿಯಿತು.

ಆದ್ದರಿಂದ ಯಾವುದೇ ಆಟದ ಸೇವೆಯಲ್ಲಿ ಕಳವಾಯಿತೆಂದು ಕೇಳಿದೊಡನೆ, ಆ ಖಾತೆಯ ಪಾಸ್‌ವರ್ಡನ್ನು ಮಾತ್ರವಲ್ಲ, ಅದೇ ಪಾಸ್‌ವರ್ಡನ್ನು ಮತ್ತೆಲ್ಲೆಲ್ಲಿ ಬಳಸಲಾಗಿದೆಯೋ ಅಲ್ಲೆಲ್ಲ ಬದಲಿಸತಕ್ಕದ್ದು. ಎಲ್ಲಕ್ಕಿಂತ ಮೊದಲು ಇ-ಮೇಲ್ ಖಾತೆಯದು. ಏಕೆಂದರೆ 'ಪಾಸ್‌ವರ್ಡ್ ಮರೆತಿದೆ' ಎಂದು ಒತ್ತಿದರೆ ಉಳಿದೆಲ್ಲ ಸೇವೆಗಳೂ ಹೊಸ ಬೀಗದಕೈಯನ್ನು ಕಳುಹಿಸುವುದು ಅಲ್ಲಿಗೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಉದ್ದವಾದ, ನೆನಪಿನಲ್ಲಿ ಉಳಿಯುವ ಪಾಸ್‌ವರ್ಡ್ ದೊರೆಯುತ್ತದೆ. ಕೊಡೆ, ಹಲಸು, ಮಂಗಳವಾರ, ಸುಣ್ಣ ಎಂಬಂತೆ. (ಇದನ್ನೇ ಇಟ್ಟುಕೊಳ್ಳಬೇಡಿ, ಅಚ್ಚಾಗಿಹೋಗಿದೆ.) ನೆನಪಿಡಲಾಗದವರು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು. ಅದು ದೊಡ್ಡ ತಪ್ಪೆಂದು ಹೇಳುವ ಪಂಡಿತರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಸಾಗರದಾಚೆಯ ಕಳ್ಳನು ನಿಮ್ಮ ಬೀರುವಿನೊಳಗಿನ ಪುಸ್ತಕವನ್ನು ಓದಲಾರ. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ಎರಡು ಹಂತದ ವ್ಯವಸ್ಥೆ ಈಗ ಹೆಚ್ಚಿನ ಸೇವೆಗಳಲ್ಲಿದೆ. ಸೋನಿ ತನ್ನ ಆಟದ ಖಾತೆಗಳಿಗೆ ಅದನ್ನು 2016ರಲ್ಲಿ ಒದಗಿಸಿತು. ಅದನ್ನು ಚಾಲೂ ಮಾಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಮಕ್ಕಳು ಬಿಟ್ಟುಬಿಟ್ಟ ಹಳೆಯ ಆಟಗಳ ಖಾತೆಗಳನ್ನು ಮುಚ್ಚಿಸುವುದಕ್ಕೆ ಒಂದು ಭಾನುವಾರ ಬೇಕಾದೀತು. ಆದರೆ 2007ರ ಆ ಗೋಣಿಚೀಲವನ್ನು ನೆನೆದರೆ ಅದೂ ಯೋಗ್ಯವಾದ ಕೆಲಸವೇ.

ಇದೆಲ್ಲ ಪರದೇಶದ ಕಥೆ, ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವು ನಮ್ಮ ಹೆಸರಿನಲ್ಲಿಯೇ ಇದೆ. ದಕ್ಷಿಣದ ಜಿಲ್ಲೆಗಳಿಂದ ಬಂದ ನಮ್ಮಲ್ಲಿ ಅನೇಕರಿಗೆ ಅಡ್ಡಹೆಸರಿಲ್ಲ. ಹೆಸರಿನ ಮುಂದೆ ಎರಡು ಅಕ್ಷರಗಳಿವೆ, ಒಂದು ಊರಿನದು, ಇನ್ನೊಂದು ತಂದೆಯದು. ಇಲ್ಲಿಯ ಅರ್ಜಿಗಳಲ್ಲಿ ಅಡ್ಡಹೆಸರಿನ ಅಂಕಣ ಖಾಲಿ ಬಿಡುವಂತಿಲ್ಲವಾದ್ದರಿಂದ ಆ ಅಕ್ಷರಗಳನ್ನು ಬಿಡಿಸಿ ಬರೆಯುತ್ತೇವೆ. ಉತ್ತರದ ಜಿಲ್ಲೆಗಳವರ ಅಡ್ಡಹೆಸರಂತೂ ಎಷ್ಟೋ ವೇಳೆ ಊರಿನ ಹೆಸರೇ ಆಗಿರುತ್ತದೆ. ಹೀಗೆ 'ಪೂರ್ವಿಕರ ಊರು ಯಾವುದು, ತಂದೆಯ ಹೆಸರೇನು' ಎಂಬ ಗುಪ್ತ ಪ್ರಶ್ನೆಗಳಿಗೆ ನಮ್ಮ ಪೂರ್ಣನಾಮವೇ ಉತ್ತರ ಕೊಟ್ಟುಬಿಡುತ್ತದೆ. ಇಂಥ ಪ್ರಶ್ನೆಗಳಿಗೆ ಸತ್ಯವನ್ನೇ ನುಡಿಯಬೇಕೆಂಬ ನಿಯಮವಿಲ್ಲ. ಹುಟ್ಟಿದ ಊರೆಲ್ಲಿ ಎಂದರೆ 'ನುಗ್ಗೇಕಾಯಿ' ಎಂದು ಬರೆದು, ಅದನ್ನೂ ಆ ಪುಸ್ತಕದಲ್ಲಿ ಗುರುತು ಮಾಡಿಟ್ಟುಕೊಳ್ಳಬಹುದು.

ಮತ್ತೊಂದು ಸಂಗತಿ ಇನ್ನೂ ಸೂಕ್ಷ್ಮವಾದುದು. ಮರಾಠಿಯೋ ತಮಿಳೋ ಹಿಂದಿಯೋ ದಿನವಿಡೀ ಕಿವಿಗೆ ಬೀಳುವ ಊರಿನಲ್ಲಿ, ಮಧ್ಯಾಹ್ನದ ಹೊತ್ತು ಫೋನಿನಲ್ಲಿ ಒಬ್ಬರು ಅಚ್ಚ ಕನ್ನಡದಲ್ಲಿ 'ನಮಸ್ಕಾರ, ನಾವು ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ' ಎಂದರೆ ನಮ್ಮ ಮನಸ್ಸು ಅರ್ಧ ಕರಗಿರುತ್ತದೆ. ಅವರು ನಮ್ಮ ಹೆಸರು ಹೇಳುವರು, ಜನ್ಮದಿನ ಹೇಳುವರು, ಮನೆಯ ವಿಳಾಸ ಹೇಳುವರು, ಮಗನು ಆಡುವ ಆಟದ ಹೆಸರನ್ನೂ ಹೇಳುವರು. 'ನಿಮ್ಮ ಆಟದ ಖಾತೆಯಿಂದ ಯಾರೋ ಹಣ ತೆಗೆಯುತ್ತಿದ್ದಾರೆ, ತಡೆಯಲು ಈಗ ಬಂದ ಸಂಖ್ಯೆಯನ್ನು ಹೇಳಿ' ಎನ್ನುವರು. ಇಷ್ಟೆಲ್ಲ ಬಲ್ಲವರು ಬ್ಯಾಂಕಿನವರೇ ಆಗಿರಬೇಕೆಂಬ ನಮ್ಮ ತರ್ಕವೇ ಇಲ್ಲಿ ನಮಗೆ ವೈರಿ. ಕದ್ದ ಪಟ್ಟಿಯುಳ್ಳ ಯಾರಿಗಾದರೂ ಅಷ್ಟು ತಿಳಿದಿರುತ್ತದೆ. ಹಗಲು ಮನೆಯಲ್ಲಿ ಒಬ್ಬರೇ ಇರುವ ವೃದ್ಧ ತಂದೆತಾಯಿಗಳಿಗೆ, ಭಾಷೆ ಬಾರದ ಊರಿನಲ್ಲಿ ಒಂದು ಕನ್ನಡದ ದನಿಗಾಗಿ ಹಂಬಲಿಸುವವರಿಗೆ, ಈ ಮಾತನ್ನು ಮನೆಯ ಕಿರಿಯರು ಸಾವಧಾನವಾಗಿ ಬಿಡಿಸಿ ಹೇಳಬೇಕು. ಫೋನಿಟ್ಟು, ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ಸಂಖ್ಯೆಗೆ ತಾವೇ ಕರೆಮಾಡಿ ವಿಚಾರಿಸುವುದರಿಂದ ಯಾವ ಪ್ರಾಮಾಣಿಕನಿಗೂ ಅವಮಾನವಾಗುವುದಿಲ್ಲ.

ಒ.ಟಿ.ಪಿ. ಎಂಬ ಆ ಸಂಖ್ಯೆಯ ಬೆಲೆ ಎಷ್ಟೆಂಬುದನ್ನು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಿಂದ ತಿಳಿಯಬಹುದು. ಗ್ರಾಹಕನ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ಬೇರೆಲ್ಲೋ ಆದ ಲೋಪದಿಂದ ಹಣ ಹೋದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ ಎಂಬುದು ಅದರ ತತ್ತ್ವ. ಆದರೆ ಗ್ರಾಹಕನೇ ಗುಟ್ಟಿನ ಸಂಖ್ಯೆಯನ್ನು ಬಿಟ್ಟುಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ. ಎರಡಕ್ಕೂ ನಡುವಿನ ಅಂತರ ಫೋನಿನಲ್ಲಿ ಆಡಿದ ಆರು ಅಂಕಿಗಳು ಮಾತ್ರ. ಹಣ ಹೋದುದು ತಿಳಿದ ಕ್ಷಣವೇ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಕರೆಮಾಡತಕ್ಕದ್ದು. ಯಾವ ರಾಜ್ಯದಲ್ಲಿದ್ದರೂ ಇದೇ ಸಂಖ್ಯೆ. 2022ರ ಅಕ್ಟೋಬರಿನಿಂದ ನಮ್ಮ ದೇಶದ ವ್ಯಾಪಾರಿ ಜಾಲತಾಣಗಳು ಕಾರ್ಡಿನ ಪೂರ್ಣ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲವೆಂಬುದು ಸಮಾಧಾನದ ಸಂಗತಿ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾನೂನನ್ನೂ ಮಾಡಿದೆ; ಅದರ ನಿಯಮಗಳು 2025ರ ನವೆಂಬರಿನಲ್ಲಿ ಹಂತಹಂತವಾಗಿ ಜಾರಿಯಾಗುವಂತೆ ಪ್ರಕಟವಾದವು. ಆದರೂ ಏಪ್ರಿಲ್ 20ರಿಂದ 26ರವರೆಗಿನ ಆ ಆರು ದಿನಗಳನ್ನು ನೆನೆದು, ಸಂಸ್ಥೆಯ ಪತ್ರಕ್ಕಾಗಿ ಕಾಯದೆ ಸುದ್ದಿ ಕೇಳಿದ ದಿನವೇ ಕೆಲಸಕ್ಕೆ ತೊಡಗುವುದು ಮೇಲು.

ಹಳೆಯ ಮೊಬೈಲ್ ಸಂಖ್ಯೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಧಾರವಾಡದಲ್ಲೋ ಮೈಸೂರಿನಲ್ಲೋ ಇದ್ದಾಗ ಪಡೆದ ಸಂಖ್ಯೆಗೆ ಹಣ ತುಂಬದೆ ಬಿಟ್ಟರೆ ಅದು ರದ್ದಾಗಿ, ಸ್ವಲ್ಪ ಕಾಲದ ನಂತರ ಬೇರೆಯವರ ಪಾಲಾಗುತ್ತದೆ. ಬ್ಯಾಂಕಿಗೂ ಆಟದ ಖಾತೆಗೂ ಆ ಸಂಖ್ಯೆಯೇ ಜೋಡಣೆಯಾಗಿದ್ದರೆ ಗುಟ್ಟಿನ ಸಂಕೇತಗಳು ಆ ಅಪರಿಚಿತರಿಗೆ ಹೋಗುವುವು. ಸಂಖ್ಯೆ ಬಿಡುವ ಮೊದಲು ಎಲ್ಲೆಡೆ ಬದಲಿಸಿರಿ.

ಕಡೆಯದಾಗಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ವಿಜ್ಞಾಪನೆ. ಸ್ಮರಣ ಸಂಚಿಕೆಯ ಕೊನೆಯಲ್ಲಿ ಸದಸ್ಯರ ಪಟ್ಟಿಯನ್ನು ಅಚ್ಚು ಹಾಕಿಸುವ ಸಂಪ್ರದಾಯ ಕನ್ನಡ ಸಂಘಗಳಲ್ಲಿ ಹಳೆಯದು. ಪರಊರಿನಲ್ಲಿ ನಮ್ಮವರನ್ನು ಹುಡುಕಿಕೊಳ್ಳಲು ಅದು ಬಹಳ ಉಪಕಾರಿಯಾಗಿದೆ, ಎಷ್ಟೋ ಮದುವೆಗಳೂ ಅದರಿಂದ ಕೂಡಿಬಂದಿವೆ. ಆದರೆ ಹೆಸರು, ಹುಟ್ಟೂರು, ಮನೆಯ ವಿಳಾಸ, ಫೋನು, ಜನ್ಮದಿನ ಇಷ್ಟನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ಕಳ್ಳನಿಗೆ ಸ್ಯಾನ್ ಡಿಯೇಗೋವರೆಗೆ ಹೋಗುವ ಶ್ರಮವೂ ಉಳಿಯುತ್ತದೆ. ಅದರಲ್ಲಿಯೂ ಸಂಚಿಕೆಯ ಪ್ರತಿ ಈಗ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು, ಬಡಾವಣೆ, ಫೋನು ಇಷ್ಟನ್ನು ಮಾತ್ರ ಅಚ್ಚು ಹಾಕಿಸಿ, ರಕ್ತದ ಗುಂಪನ್ನೂ ಜನ್ಮದಿನವನ್ನೂ ಕಾರ್ಯದರ್ಶಿಗಳ ಬಳಿಯ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳಬಹುದು. ಹುಟ್ಟುಹಬ್ಬದ ಶುಭಾಶಯವನ್ನು ಅಲ್ಲಿಂದ ನೋಡಿಯೇ ಹೇಳಬಹುದಲ್ಲ!