ಬಂಗುಡೆ ಮೀನು ಗುರುತಿಸುವುದು ಹೇಗೆ?

ನಮ್ಮ ಸಂಕೇಶ್ವರಕ್ಕೆ ಸಮುದ್ರ ಇಲ್ಲ, ಹಿರಣ್ಯಕೇಶಿ ಹೊಳೆ ಇದೆ. ಆದರೂ ಸಮುದ್ರದ ಮೀನು ನಮ್ಮಲ್ಲಿಗೆ ಬರುತ್ತದೆ. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯ ಘಾಟ ಹತ್ತಿ, ಕೊಂಕಣದ ಕಡೆಯಿಂದ ಬರ್ಫದ ಪೆಟ್ಟಿಗೆಯಲ್ಲಿ ಬರುತ್ತದೆ. ಅದರಲ್ಲಿ ಬಂಗುಡೆಯೂ ಒಂದು. ನಮ್ಮ ಕಡೆ ಮರಾಠಿಯಂತೆ ಬಾಂಗಡಾ ಅಂತಾರೆ.

ಹೋದ ವರ್ಷ ಅವ್ವ ನನ್ನನ್ನು ಮೀನು ತರಲು ಕಳಿಸಿದ್ದಳು. ಸಂಜೆಯಾಗಿತ್ತು. ಅಗ್ಗ ಸಿಕ್ಕಿತು ಅಂತ ಬಿಸಿಲಲ್ಲಿ ಇಟ್ಟಿದ್ದ ಮೀನನ್ನೇ ತಗೊಂಡು ಬಂದೆ. ಉಂಡ ಸ್ವಲ್ಪ ಹೊತ್ತಿಗೆ ತಮ್ಮನ ಮುಖ ಕೆಂಪಾಗಿ ಮೈಯೆಲ್ಲ ತುರಿಕೆ ಎದ್ದಿತು. ಡಾಕ್ಟರು “ಮೀನ ಕೆಟ್ಟಿತ್ತು, ನೋಡಿ ತರಬೇಕಪಾ” ಅಂದರು. ಮರುದಿನ ತಮ್ಮ ಆರಾಮಾದ. ಅವ್ವ ಬೈಯಲಿಲ್ಲ, ಆದರೆ ನನಗೇ ಕೆಟ್ಟ ಅನಿಸಿತು. ಅದಕ್ಕೇ ಕೇಳಿ ತಿಳಿದು ಬರೆದಿದ್ದೇನೆ.

ಗುರುತುಗಳು: ಬಂಗುಡೆಯ ಬೆನ್ನು ನೀಲಿ-ಹಸಿರು, ಹೊಟ್ಟೆ ಬೆಳ್ಳಿ ಬಣ್ಣ. ಬೆನ್ನ ಪಕ್ಕದಲ್ಲಿ ಉದ್ದಕ್ಕೆ ಕಪ್ಪು ಗೆರೆಗಳಿರುತ್ತವೆ. ಎದೆಯ ರೆಕ್ಕೆಯ ಹತ್ತಿರ ಒಂದು ಕಪ್ಪು ಚುಕ್ಕೆ. ಬೆನ್ನ ಮೇಲೆ ಎರಡು ರೆಕ್ಕೆ. ಬಾಲದ ಕಡೆ ಮೇಲೆ ಐದು, ಕೆಳಗೆ ಐದು ಪುಟ್ಟ ರೆಕ್ಕೆಗಳು. ತಾರ್ಲಿ ಮೀನಿಗೆ (ಮಂಗಳೂರಲ್ಲಿ ಬೂತಾಯಿ) ಈ ಪುಟ್ಟ ರೆಕ್ಕೆಗಳಿಲ್ಲ, ಬೆನ್ನಿಗೆ ಒಂದೇ ರೆಕ್ಕೆ. ಅದರ ಹೊಟ್ಟೆಯ ಅಂಚು ಗರಗಸದ ಹಾಗೆ ಚುಚ್ಚುತ್ತದೆ.

ಬಂಗುಡೆ ಒಂಟಿಯಾಗಿ ಇರುವುದಿಲ್ಲ, ಕುರಿಹಿಂಡಿನಂತೆ ಗುಂಪಾಗಿ ತಿರುಗುತ್ತದೆ. ಬಾಯಿ ತೆರೆದು ಈಜುತ್ತ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಕಿವಿರಿನೊಳಗಿನ ಗರಿಯಂಥ ಎಳೆಗಳೇ ಅದರ ಜರಡಿ. ಗುಂಪಾಗಿ ಬರುವುದರಿಂದಲೇ ಹಿಂದೆ ನಮ್ಮ ಕರಾವಳಿಯಲ್ಲಿ ಜನರೆಲ್ಲ ಕೂಡಿ ರಂಪಣಿ ಬಲೆ ಎಳೆದು ರಾಶಿ ರಾಶಿ ಹಿಡಿಯುತ್ತಿದ್ದರು. ಮಳೆಗಾಲ ಮೀನು ಮರಿ ಮಾಡುವ ಕಾಲ. ಆದ್ದರಿಂದ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ.

ತಮ್ಮನಿಗೆ ಯಾಕೆ ಹಾಗಾಯಿತು? ಬರ್ಫ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಬಂಗುಡೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ!

ಆದ್ದರಿಂದ ಮೀನು ಕೊಳ್ಳುವಾಗ:
1. ಕಣ್ಣು ಉಬ್ಬಿ ಹೊಳೆಯಬೇಕು.
2. ಕಿವಿರು ಎತ್ತಿದರೆ ಕೆಂಪಗಿರಬೇಕು.
3. ಬೆರಳಿನಿಂದ ಒತ್ತಿದರೆ ತಗ್ಗು ಉಳಿಯಬಾರದು.
4. ಮೀನು ಬರ್ಫದಲ್ಲಿಯೇ ಇರಬೇಕು. ಇದು ಎಲ್ಲಕ್ಕಿಂತ ಮುಖ್ಯ. ನೋಡಲು ಚೊಲೋ ಇದ್ದರೂ ಬರ್ಫ ಇಲ್ಲದಿದ್ದರೆ ಬೇಡ.

ಈಗ ಮೀನು ತರಲು ನಾನೇ ಹೋಗುತ್ತೇನೆ. ಕಿವಿರು ಎತ್ತಿ ನೋಡಿದರೆ ಮಾರುವ ಮಾವಶಿ “ಏನ ಸಾಲಿ ಮಾಸ್ತರ ಆದಿಯೇನ?” ಅಂತ ನಗುತ್ತಾಳೆ. ನಗಲಿ. ನೀವೂ ನೋಡಿಯೇ ತಗೊಳ್ಳಿರಿ.