ಮಗುವಿನ ಮೈಮೇಲಿನ ಕಂದು ಮಚ್ಚೆಗಳು

ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಅದರ ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು ತಾಯಿಯ ಕಣ್ಣಿಗೆ ಬೀಳುವುದುಂಟು. ಒಂದೆರಡು ಮಚ್ಚೆಗಳು ಆರೋಗ್ಯವಂತರಲ್ಲಿಯೂ ಸಾಮಾನ್ಯ, ಅಂಜಬೇಕಾದುದಿಲ್ಲ. ಆದರೆ 5 ಮಿಲಿಮೀಟರಿಗಿಂತ ಅಗಲವಾದವು ಆರು ಅಥವಾ ಹೆಚ್ಚು ಇದ್ದರೆ ಕೂಡಲೆ ವೈದ್ಯರಿಗೆ ತೋರಿಸತಕ್ಕದ್ದು.

ಅವು ನ್ಯೂರೋಫೈಬ್ರೊಮಟೋಸಿಸ್ ಎಂಬ ವ್ಯಾಧಿಯ ಮೊದಲ ಗುರುತಾಗಿರಬಹುದು. ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಎಂಬ ಪಂಡಿತನು 1882ರಲ್ಲಿ ಇದನ್ನು ವಿವರಿಸಿದನು. ಇದಕ್ಕೆ ಕಾರಣವಾದ, 17ನೆಯ ಕ್ರೋಮೋಸೋಮಿನಲ್ಲಿರುವ ಜೀನು 1990ರಲ್ಲಿ ಪತ್ತೆಯಾಯಿತು. ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುವುದು. ಮಚ್ಚೆಗಳಿಂದ ನೋವಿಲ್ಲ. ಆದರೆ ಮುಂದೆ ಕೆಲವರಲ್ಲಿ ನರಗಳ ಮೇಲೆ ಗಂಟುಗಳೇಳಬಹುದು, ಬೆನ್ನೆಲುಬು ಡೊಂಕಾಗಬಹುದು, ದೃಷ್ಟಿ ಕುಂದಬಹುದು. ಆದುದರಿಂದ ವರ್ಷಕ್ಕೊಮ್ಮೆ ಕಣ್ಣು, ಬೆನ್ನು, ರಕ್ತದೊತ್ತಡಗಳ ಪರೀಕ್ಷೆ ಆವಶ್ಯಕ.

ಬಸುರಿಯು ಗ್ರಹಣಕಾಲದಲ್ಲಿ ಹೊರಗೆ ಬಂದುದರ ಫಲವಿದೆಂದು ಸೊಸೆಯನ್ನು ದೂರುವ ಮನೆಗಳುಂಟು. ಇದು ಶುದ್ಧ ಅನ್ಯಾಯ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಈ ದೋಷವು ತಂದೆತಾಯಿಯರಲ್ಲಿಲ್ಲದೆ ಹೊಸದಾಗಿಯೇ ಹುಟ್ಟಿರುವುದು. ಉಳಿದವರಿಗೆ ಅದು ತಾಯಿಯಿಂದ ಬಂದಿರಬಹುದು, ತಂದೆಯಿಂದಲೂ ಬಂದಿರಬಹುದು. ದೋಷವುಳ್ಳವರ ಪ್ರತಿಯೊಂದು ಮಗುವಿಗೂ ಅದು ಇಳಿದುಬರುವ ಸಂಭವ ಎರಡರಲ್ಲೊಂದು. ಇದರಲ್ಲಿ ಯಾರ ತಪ್ಪೂ ಇಲ್ಲ.

ಸೋದರಿಯರೇ, ನಾಳೆ ಮಗುವಿಗೆ ನೀರೆರೆಯುವಾಗ ಮಚ್ಚೆಗಳನ್ನೊಮ್ಮೆ ಎಣಿಸಿ ನೋಡಿರಿ.